ಚಾಲನೆಯಲ್ಲಿರುವ ರೌಟರ್‌ನ ಡಿಸಿ ಪವರ್ ಕೇಬಲನ್ನು ಸುರಕ್ಷಿತವಾಗಿ ಬದಲಿಸುವುದು ಹೇಗೆ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ವಾಸಿಸುತ್ತಿದ್ದು, ನವಿ ಮುಂಬೈಯ ಮಹಾಪೆಯಲ್ಲಿರುವ ನೆಟ್‌ವರ್ಕ್ ಕೇಂದ್ರವೊಂದರಲ್ಲಿ ರಾತ್ರಿ ಪಾಳಿಯ ತಂತ್ರಜ್ಞನಾಗಿದ್ದೇನೆ. ನಮ್ಮ ದೊಡ್ಡ ರೌಟರ್‌ಗೆ ಮೈನಸ್ 48 ವೋಲ್ಟಿನ ಎ ಮತ್ತು ಬಿ ಎಂಬ ಎರಡು ಫೀಡ್‌ಗಳಿವೆ (ವಿದ್ಯುತ್ ಪೂರೈಸುವ ದಾರಿಗಳು). ಎ ಫೀಡಿನ ಒಂದು ಲಗ್ಗಿನ (ಕೇಬಲಿನ ತುದಿಗೆ ಒತ್ತಿ ಕೂರಿಸಿ ಬೋಲ್ಟಿನಿಂದ ಬಿಗಿಯುವ ಲೋಹದ ತುಂಡಿನ) ಬಳಿ ಕೇಬಲಿನ ಹೊದಿಕೆ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಬಿಸಿಯಾಗಿರುತ್ತದೆ. ರೌಟರ್ ನಿಲ್ಲಿಸದೆ ಕೇಬಲ್ ಬದಲಿಸಬೇಕೆಂದು ಮೇಲಿನವರು ಸೂಚಿಸಿದ್ದಾರೆ. ಪಕ್ಕದ ಖಾಲಿ ಬ್ರೇಕರ್‌ನಿಂದ ಹೊಸ ಕೇಬಲ್ ಎಳೆದು ಅದೇ ಟರ್ಮಿನಲ್‌ಗೆ ಪ್ಯಾರಲಲ್ ಆಗಿ ಕೊಟ್ಟು, ಆಮೇಲೆ ಹಳೆಯದನ್ನು ಬಿಚ್ಚಿದರಾಯಿತು, 48 ವೋಲ್ಟಿನಿಂದ ಏನೂ ಆಗುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ಸರಿಯೇ? ಸರಿಯಾದ ಕ್ರಮ ಯಾವುದು?

ಉತ್ತರ: ರೌಟರ್ ಚಾಲನೆಯಲ್ಲೇ ಇರಬಹುದು. ಆದರೆ ನೀವು ಕೈಯಿಡುವ ಕೇಬಲಿನಲ್ಲಿ ಮಾತ್ರ ಎರಡೂ ತುದಿಗಳಲ್ಲಿ ವಿದ್ಯುತ್ ಇರಬಾರದು. ವಿದ್ಯುತ್ ಇಲ್ಲವೆಂದು ಲೇಬಲ್, ನಕ್ಷೆ, ತಂತಿಯ ಬಣ್ಣ ಅಥವಾ ಹಿರಿಯರ ನೆನಪು ಹೇಳಿದರೆ ಸಾಲದು, ನಿಮ್ಮ ಕೈಯಲ್ಲಿರುವ ಮೀಟರ್ ಹೇಳಬೇಕು. ಈ ಕೆಲಸದಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಸ್ಪ್ಯಾನರ್ ತಿರುಗಿಸಲು ಬಾರದೆ ಆಗುವಂಥವಲ್ಲ, ಯಾವುದು ಸತ್ತಿದೆ ಯಾವುದು ಜೀವಂತವಾಗಿದೆ ಎಂದು ಅಳೆಯದೆ ನಂಬಿದ್ದರಿಂದ ಆಗುವಂಥವು. ಪ್ಯಾರಲಲ್ ಕೊಡುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಆ ಲಗ್ಗನ್ನು ಇನ್ನು ಮುಂದೆ ಬೆರಳಿನಿಂದ ಮುಟ್ಟಿ ನೋಡುವುದನ್ನೂ ನಿಲ್ಲಿಸಿ. ದೂರದಿಂದ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಅಥವಾ ಥರ್ಮಲ್ ಕ್ಯಾಮೆರಾ ನಿಮ್ಮ ಕೇಂದ್ರದಲ್ಲಿ ಇದ್ದೇ ಇರುತ್ತದೆ.

48 ವೋಲ್ಟಿನಿಂದ ಏನೂ ಆಗುವುದಿಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಒಣಗಿದ ಕೈಗೆ ಈ ವೋಲ್ಟೇಜಿನಿಂದ ಪ್ರಾಣಾಂತಕ ಶಾಕ್ ತಗಲುವ ಸಂಭವ ಕಡಿಮೆಯೇ. ಸಂಪರ್ಕ ಉಪಕರಣಗಳ ಸುರಕ್ಷಾ ಮಾನದಂಡಗಳೂ 60 ವೋಲ್ಟ್ ಡಿಸಿಯ ಒಳಗಿನದನ್ನು ಬೇರೆಯೇ ಗುಂಪಾಗಿ ನೋಡುತ್ತವೆ. ಮುಂಬೈಯ ಮಳೆಗಾಲದಲ್ಲಿ, ಬೆವರಿದ ಕೈಯಲ್ಲಿ, ಈ ರಿಯಾಯಿತಿಯೂ ಕುಗ್ಗುತ್ತದೆ ಎಂಬುದು ಬೇರೆ ಮಾತು. ಉಳಿದರ್ಧ ಸತ್ಯವು ವೋಲ್ಟೇಜಿನಲ್ಲಿ ಇಲ್ಲ, ಕರೆಂಟಿನಲ್ಲಿದೆ. ಎಸಿಯನ್ನು ಡಿಸಿಗೆ ಬದಲಿಸುವ ನಿಮ್ಮ ರೆಕ್ಟಿಫೈಯರ್‌ಗಳ ಹಿಂದೆ ಬ್ಯಾಟರಿ ಬ್ಯಾಂಕ್ ಇದೆ. ಶಾರ್ಟ್ ಆದ ಕ್ಷಣದಲ್ಲಿ ಅದು ಸಾವಿರಾರು ಆಂಪಿಯರ್ ಕೊಡಬಲ್ಲದು. ನೆಗೆಟಿವ್ ಟರ್ಮಿನಲ್‌ಗೂ ರ‍್ಯಾಕಿನ ಕಬ್ಬಿಣಕ್ಕೂ ಒಟ್ಟಿಗೆ ತಗುಲಿದ ಸ್ಪ್ಯಾನರ್, ಉಂಗುರ ಅಥವಾ ಕೈಯ ಕಡಗ ಕ್ಷಣಾರ್ಧದಲ್ಲಿ ಕೆಂಪಗೆ ಕಾಯುತ್ತದೆ, ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ. 50 ಹರ್ಟ್ಸಿನ ಎಸಿ ಕರೆಂಟು ಸೆಕೆಂಡಿಗೆ 100 ಬಾರಿ ಶೂನ್ಯಕ್ಕೆ ಇಳಿಯುವುದರಿಂದ ಅಲ್ಲಿ ಹುಟ್ಟಿದ ಆರ್ಕ್ (ಗಾಳಿಯ ಸಂದನ್ನು ದಾಟಿ ಉರಿಯುವ ವಿದ್ಯುತ್ ಕಿಡಿ) ಆರಲು ಅವಕಾಶವಿರುತ್ತದೆ. ಡಿಸಿಯಲ್ಲಿ ಆ ಶೂನ್ಯವೇ ಬರುವುದಿಲ್ಲ, ಆದ್ದರಿಂದ ಲೋಡ್ ಇರುವಾಗ ಬಿಚ್ಚಿದ ಲಗ್ಗಿನ ತುದಿಯಲ್ಲಿ ಆರ್ಕ್ ಎಳೆದುಕೊಂಡು ಉರಿಯುತ್ತದೆ. ಎಸಿಗೆಂದು ತಯಾರಾದ ಎಂಸಿಬಿಯನ್ನು (ಚಿಕ್ಕ ಸರ್ಕ್ಯೂಟ್ ಬ್ರೇಕರ್) ಡಿಸಿ ವಿದ್ಯುತ್ ಹಂಚುವ ಫಲಕದಲ್ಲಿ ಬಳಸಬಾರದು ಎನ್ನುವುದಕ್ಕೂ ಇದೇ ಕಾರಣ.

ಇನ್ನೊಂದು ವಿಷಯವನ್ನು ಎಸಿ ಕೆಲಸದಿಂದ ಬಂದವರು ತಡವಾಗಿ ಗಮನಿಸುತ್ತಾರೆ. ಟೆಲಿಕಾಂ ಡಿಸಿ ವ್ಯವಸ್ಥೆಯಲ್ಲಿ ಪಾಸಿಟಿವ್ ಬದಿಯನ್ನು ಅರ್ಥಿಂಗ್‌ಗೆ ಜೋಡಿಸಿರುತ್ತಾರೆ. ನೆಲದಡಿಯ ತಾಮ್ರದ ತಂತಿಗಳು ಭೂಮಿಗಿಂತ ನೆಗೆಟಿವ್ ಆಗಿದ್ದರೆ ತೇವದಲ್ಲಿ ಸವೆಯುವುದು ಕಡಿಮೆ ಎಂಬ ಕಾರಣಕ್ಕೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳ ಕಾಲದಲ್ಲಿ ಈ ಪದ್ಧತಿ ನೆಲೆಯೂರಿತು, ಇಂದಿಗೂ ಮುಂದುವರಿದಿದೆ. ಇದರ ಪ್ರಾಯೋಗಿಕ ಪರಿಣಾಮ ಏನೆಂದರೆ, ನಿಮ್ಮ ರ‍್ಯಾಕು, ಕೇಬಲ್ ಟ್ರೇ, ರೌಟರ್‌ನ ಹೊರಮೈ, ಪಕ್ಕದ ರ‍್ಯಾಕಿನ ಬಾಗಿಲು ಇವೆಲ್ಲವೂ ಪಾಸಿಟಿವ್ ಬದಿಗೆ ಸೇರಿದಂತೆಯೇ. ಆದ್ದರಿಂದ ನೆಗೆಟಿವ್ ಟರ್ಮಿನಲ್ ಒಂದಕ್ಕೆ ಲೋಹದ ಉಪಕರಣ ತಗುಲಿದ್ದಾಗ, ಅದರ ಇನ್ನೊಂದು ತುದಿ ಸುತ್ತಲಿನ ಯಾವ ಲೋಹಕ್ಕೆ ತಾಕಿದರೂ ಅದು ನೇರ ಶಾರ್ಟ್.

ಬಣ್ಣವನ್ನು ನಂಬಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ತಯಾರಕರ ಕೇಬಲ್‌ಗಳಲ್ಲಿ ನೀಲಿ ತಂತಿ ಮೈನಸ್ 48, ಕಪ್ಪು ತಂತಿ ರಿಟರ್ನ್ (ಅರ್ಥಿಂಗ್‌ಗೆ ಜೋಡಿಸಿದ ಪಾಸಿಟಿವ್ ಬದಿಯ ತಂತಿ). ಬೇರೆ ಪದ್ಧತಿಯಲ್ಲಿ ಅದೇ ಕಪ್ಪು ತಂತಿ ಮೈನಸ್ 48, ಕೆಂಪು ತಂತಿ ರಿಟರ್ನ್. ಒಂದೇ ಕೊಠಡಿಯಲ್ಲಿ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಗುತ್ತಿಗೆದಾರರು ಹಾಕಿದ ಕೇಬಲ್‌ಗಳಿದ್ದರೆ ಎರಡೂ ಪದ್ಧತಿಗಳು ಒಂದೇ ಟ್ರೇಯಲ್ಲಿ ಅಕ್ಕಪಕ್ಕ ಮಲಗಿರುತ್ತವೆ. ಹಸಿರು-ಹಳದಿ ಮಾತ್ರ ಸಾಮಾನ್ಯವಾಗಿ ಅರ್ಥ್ ತಂತಿಯಾಗಿರುತ್ತದೆ. ಅದನ್ನೂ ಅಳೆದೇ ಒಪ್ಪಿಕೊಳ್ಳಿ.

ಈಗ ಆ ಬಿಸಿಯಾದ ಲಗ್ಗಿನ ವಿಷಯ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ತೊಂದರೆ ಇಡೀ ಕೇಬಲಿನಲ್ಲಿದೆಯೋ ಒಂದು ಜೋಡಣೆಯಲ್ಲಿದೆಯೋ ಎಂಬುದು ಮೊದಲು ಗೊತ್ತಾಗಬೇಕು. ನಿಮ್ಮ ರೌಟರ್ ಒಟ್ಟು 1200 ವ್ಯಾಟ್ ಎಳೆಯುತ್ತದೆ, ಎರಡೂ ಫೀಡ್‌ಗಳು ಸಮನಾಗಿ ಹಂಚಿಕೊಂಡಿವೆ ಎಂದು ಇಟ್ಟುಕೊಳ್ಳೋಣ. 24 ಸೆಲ್‌ಗಳ ಲೆಡ್ ಆಸಿಡ್ ಬ್ಯಾಟರಿ ಇರುವ ಕಡೆ ಫ್ಲೋಟ್ ವೋಲ್ಟೇಜ್ (ಬ್ಯಾಟರಿಯನ್ನು ಪೂರ್ತಿ ತುಂಬಿದ ಸ್ಥಿತಿಯಲ್ಲೇ ಇಡುವ ವೋಲ್ಟೇಜ್) ಸೆಲ್ಲಿಗೆ ಸುಮಾರು 2.25 ವೋಲ್ಟಿನಂತೆ 54 ವೋಲ್ಟ್ ಇರುತ್ತದೆ. ಹಾಗಿದ್ದರೆ ಎ ಫೀಡಿನಲ್ಲಿ ಸುಮಾರು 11 ಆಂಪಿಯರ್ ಹರಿಯುತ್ತದೆ. ಲಗ್ಗು ಮತ್ತು ಟರ್ಮಿನಲ್ ನಡುವೆ 10 ಮಿಲಿಓಮ್ ಪ್ರತಿರೋಧ ಬೆಳೆದಿದ್ದರೆ ಅಷ್ಟು ಚಿಕ್ಕ ಜಾಗದಲ್ಲಿ 1.2 ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಬಿ ಫೀಡ್ ಯಾವುದೋ ಕಾರಣಕ್ಕೆ ಹೋದರೆ ಪೂರ್ತಿ 22 ಆಂಪಿಯರ್ ಎ ಮೂಲಕವೇ ಹೋಗಬೇಕು. ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ನಾಲ್ಕು ಪಟ್ಟು, ಅಂದರೆ ಸುಮಾರು 5 ವ್ಯಾಟ್ ಆಗುತ್ತದೆ. ಅದೇ ಹೊತ್ತಿಗೆ ವಿದ್ಯುತ್ ಕಂಪನಿ ಮಹಾವಿತರಣದ ಪೂರೈಕೆ ಹೋಗಿ, ಜನರೇಟರ್ ಹತ್ತದೆ, ಬ್ಯಾಟರಿ 43.2 ವೋಲ್ಟಿಗೆ ಇಳಿಯಿತು ಎನ್ನಿ: ರೌಟರ್‌ಗೆ ಬೇಕಾದ ವ್ಯಾಟ್ ಕಡಿಮೆಯಾಗುವುದಿಲ್ಲ, ಆದ್ದರಿಂದ ಕರೆಂಟು ಸುಮಾರು 28 ಆಂಪಿಯರ್‌ಗೆ ಏರುತ್ತದೆ, ಆ ಜೋಡಣೆಯ ಶಾಖ 8 ವ್ಯಾಟಿನ ಹತ್ತಿರಕ್ಕೆ ಹೋಗುತ್ತದೆ. 2020ರ ಅಕ್ಟೋಬರ್ 12ರಂದು ಮುಂಬೈ ಮಹಾನಗರ ಪ್ರದೇಶಕ್ಕೆ ಗಂಟೆಗಟ್ಟಲೆ ವಿದ್ಯುತ್ ಕಡಿದದ್ದು ನಿಮಗೆ ನೆನಪಿರಬಹುದು. ಎಲ್ಲವೂ ಬ್ಯಾಟರಿಯ ಮೇಲೆ ನಿಂತ ಅಂಥ ದಿನವೇ ದುರ್ಬಲ ಲಗ್ಗು ಕೈಕೊಡುವುದು. ಹಾಗಾಗಿ ಇದನ್ನು ಮುಂದೂಡದೆ ಬದಲಿಸಬೇಕೆಂಬ ನಿಮ್ಮ ಮೇಲಿನವರ ನಿರ್ಧಾರ ಸರಿಯಾಗಿಯೇ ಇದೆ.

ಜೋಡಣೆಯನ್ನು ಬಿಚ್ಚದೆಯೇ ಅದರ ಸ್ಥಿತಿ ತಿಳಿಯುವ ದಾರಿಯೊಂದಿದೆ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು, ತುದಿಯಷ್ಟೇ ತೆರೆದಿರುವ, ಉಳಿದ ಭಾಗಕ್ಕೆ ಹೊದಿಕೆಯಿರುವ ಪ್ರೋಬ್‌ಗಳಲ್ಲಿ ಒಂದನ್ನು ಲಗ್ಗಿನ ಕೊಳವೆಯ ಭಾಗಕ್ಕೂ ಇನ್ನೊಂದನ್ನು ಅದೇ ಟರ್ಮಿನಲಿನ ಬೋಲ್ಟಿಗೂ ತಾಗಿಸಿ. ಎರಡೂ ಒಂದೇ ತಂತಿಯ ಮೇಲಿನ ಬಿಂದುಗಳಾದ್ದರಿಂದ ಆರೋಗ್ಯವಂತ ಜೋಡಣೆಯಲ್ಲಿ ಒಂದೆರಡು ಮಿಲಿವೋಲ್ಟಿಗಿಂತ ಹೆಚ್ಚು ಕಾಣಬಾರದು. ಮೇಲಿನ ಲೆಕ್ಕದ ಕೆಟ್ಟ ಜೋಡಣೆಯಾದರೆ 110 ಮಿಲಿವೋಲ್ಟ್ ತೋರಿಸುತ್ತದೆ. ಬಳಿಕ ಅದೇ ಕರೆಂಟು ಹರಿಯುತ್ತಿರುವ ಬೇರೆ ಲಗ್ಗುಗಳನ್ನೂ ಅಳೆದು ಹೋಲಿಸಿ. ಲಗ್ಗಿನ ಮೇಲಿನ ತವರದ ಲೇಪ ಹೊಳಪು ಕಳೆದು ಮಂಕಾಗಿರುವುದು, ಹೀಟ್ ಶ್ರಿಂಕ್ ಕೊಳವೆ ಸುಕ್ಕುಗಟ್ಟಿ ಗಡುಸಾಗಿರುವುದು, ಸ್ಪ್ರಿಂಗ್ ವಾಶರ್ ಚಪ್ಪಟೆಯಾಗದೆ ಬಾಯಿ ತೆರೆದುಕೊಂಡಿರುವುದು ಇವೆಲ್ಲ ಕಣ್ಣಿಗೇ ಕಾಣುವ ಸಾಕ್ಷ್ಯಗಳು. ಠಾಣೆ ಖಾರಿಯ ಉಪ್ಪಿನ ತೇವವೂ, ಮಹಾಪೆಯೂ ಸೇರಿರುವ ಟಿಟಿಸಿ ಕೈಗಾರಿಕಾ ಪ್ರದೇಶದಂಥ ಕಡೆ ಗಾಳಿಯಲ್ಲಿ ಗಂಧಕದ ಅಂಶವಿದ್ದರೆ ಅದೂ, ತಾಮ್ರದ ಮೈಯನ್ನು ಬೇಗ ಕೆಡಿಸುತ್ತವೆ. ಆದರೂ ಸಡಿಲ ಬೋಲ್ಟ್ ಮತ್ತು ಕಳಪೆ ಕ್ರಿಂಪ್ (ಲಗ್ಗನ್ನು ಕೇಬಲಿಗೆ ಒತ್ತಿ ಕೂರಿಸಿದ ಜಾಗ) ಇವೆರಡೇ ಬಹುಪಾಲು ಬಿಸಿ ಲಗ್ಗುಗಳ ಮೂಲ ಎಂಬುದು ನನ್ನ ಅಭಿಪ್ರಾಯ. ಬೋಲ್ಟ್ ಸಡಿಲವಾಗಿದೆ ಎಂದು ಕಂಡರೂ ಅಲ್ಲೇ ಸ್ಪ್ಯಾನರ್ ಹಾಕಿ ಬಿಗಿಯಬೇಡಿ. ಒಮ್ಮೆ ಸುಟ್ಟ ಮೈ ಬಿಗಿದ ಮಾತ್ರಕ್ಕೆ ಸರಿಹೋಗುವುದಿಲ್ಲ, ಜೀವಂತ ಟರ್ಮಿನಲಿನ ಮೇಲೆ ಸ್ಪ್ಯಾನರ್ ಜಾರಿದರೆ ಏನಾಗುತ್ತದೆಂದು ಮೇಲೆಯೇ ಹೇಳಿದ್ದೇನೆ.

ಪ್ಯಾರಲಲ್ ಕೊಡುವುದು ಏಕೆ ತಪ್ಪು ಎಂಬುದನ್ನು ನಿಮ್ಮ ಸಹೋದ್ಯೋಗಿಗೂ ತಿಳಿಸಿ. ಹೊಸ ಬ್ರೇಕರ್‌ನಿಂದ ಬಂದ ಕೇಬಲ್ ಅದೇ ಟರ್ಮಿನಲ್‌ಗೆ ಸೇರಿದ ಮೇಲೆ ಹಳೆಯ ಬ್ರೇಕರನ್ನು ಆಫ್ ಮಾಡಿದರೂ ಹಳೆಯ ಕೇಬಲ್ ಸಾಯುವುದಿಲ್ಲ. ಟರ್ಮಿನಲಿನ ಕಡೆಯಿಂದ ಹಿಮ್ಮುಖವಾಗಿ ವಿದ್ಯುತ್ ಬಂದು, ಆಫ್ ಆಗಿರುವ ಬ್ರೇಕರ್‌ನ ಹೊರತುದಿಯವರೆಗೂ ಅದು ಜೀವಂತವಾಗಿಯೇ ಇರುತ್ತದೆ. ಬ್ರೇಕರ್ ಆಫ್ ಇದೆ ಎಂಬ ನಂಬಿಕೆಯಲ್ಲಿ ಫಲಕದ ಕಡೆ ಬಿಚ್ಚಲು ಹೋದವರ ಕೈಯಲ್ಲಿ ಜೀವಂತ ತುದಿ ಇರುತ್ತದೆ. ಎರಡನೆಯದಾಗಿ, ಎರಡು ಬ್ರೇಕರ್‌ಗಳು ಒಂದೇ ಟರ್ಮಿನಲ್‌ಗೆ ಸೇರಿದಾಗ ಎರಡರ ಸಾಮರ್ಥ್ಯವೂ ಕೂಡಿಕೊಂಡು, ದೋಷ ಬಂದಾಗ ಯಾವುದೂ ಹೊತ್ತಿಗೆ ಸರಿಯಾಗಿ ಟ್ರಿಪ್ ಆಗದೇ ಇರಬಹುದು. ಆ ಖಾಲಿ ಬ್ರೇಕರ್ ಬಿ ಬದಿಯ ವಿದ್ಯುತ್ ಮೂಲಕ್ಕೆ ಸೇರಿದ್ದಾಗಿದ್ದರಂತೂ ಪರಿಸ್ಥಿತಿ ಇನ್ನೂ ಕೆಟ್ಟದು, ಏಕೆಂದರೆ ವೋಲ್ಟೇಜ್ ಬೇರೆ ಬೇರೆ ಇರುವ ಎರಡು ಬ್ಯಾಟರಿ ಬ್ಯಾಂಕ್‌ಗಳು ನಿಮ್ಮ ತೆಳುವಾದ ಕೇಬಲಿನ ಮೂಲಕ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ರೌಟರ್‌ಗೆ ಒಂದೇ ಫೀಡ್ ಇದ್ದಿದ್ದರೂ ನನ್ನ ಸಲಹೆ ಇದೇ ಆಗಿರುತ್ತಿತ್ತು: ಸೇವೆ ನಿಲ್ಲುವ ಹೊತ್ತನ್ನು ಮೊದಲೇ ತಿಳಿಸಿ, ನಿಲ್ಲಿಸಿ, ಬದಲಿಸಿ.

ನಿಮಗೆ ಎರಡು ಫೀಡ್ ಇರುವುದರಿಂದ ಎ ಆಫ್ ಆದಾಗ ಬಿ ನಿಜವಾಗಿಯೂ ಎಲ್ಲ ಭಾರ ಹೊರುತ್ತದೆಯೇ ಎಂಬುದನ್ನು ಹಗಲಿನಲ್ಲೇ ಪರಿಶೀಲಿಸಿ. ದೊಡ್ಡ ಷಾಸಿಗಳ (ಕಾರ್ಡುಗಳನ್ನು ಕೂರಿಸುವ, ರೌಟರ್‌ನ ಲೋಹದ ಚೌಕಟ್ಟುಗಳ) ಕೆಲವು ಮಾದರಿಗಳಲ್ಲಿ ಒಂದೊಂದು ಪವರ್ ಮಾಡ್ಯೂಲ್ ಒಂದಷ್ಟು ಸ್ಲಾಟ್‌ಗಳಿಗೆ ಮಾತ್ರ ವಿದ್ಯುತ್ ಕೊಡುತ್ತದೆ. ಅಲ್ಲಿ ಎ ಮತ್ತು ಬಿ ಎಂಬ ಅಕ್ಷರಗಳನ್ನು ನೋಡಿ ಒಂದು ಇನ್ನೊಂದಕ್ಕೆ ಬದಲಿ ಎಂದು ತಿಳಿದರೆ ಅರ್ಧ ಕಾರ್ಡುಗಳು ಕತ್ತಲಾಗುತ್ತವೆ. ಆದ್ದರಿಂದ ತಯಾರಕರ ಕೈಪಿಡಿಯ ಪವರ್ ಅಧ್ಯಾಯವನ್ನು ಓದಿ, ರೌಟರ್‌ಗೆ ಲಾಗಿನ್ ಆಗಿ ಎಲ್ಲ ಪವರ್ ಮಾಡ್ಯೂಲ್‌ಗಳ ಸ್ಥಿತಿ ಮತ್ತು ಪ್ರತಿಯೊಂದರ ಕರೆಂಟು ನೋಡಿ. ಬಿ ಬದಿಯ ಬ್ರೇಕರ್‌ನ ರೇಟಿಂಗ್ ಓದಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು 20 ಆಂಪಿಯರ್ ಆಗಿದ್ದರೆ, ಎ ಆಫ್ ಆದ ಮೇಲೆ ಬರುವ 22 ಆಂಪಿಯರ್ ಅದನ್ನು ಮೀರುತ್ತದೆ. ತಕ್ಷಣ ಟ್ರಿಪ್ ಆಗದಿದ್ದರೂ ಅಂಥ ಬ್ರೇಕರನ್ನು ನಂಬಿ ಕೆಲಸ ಶುರು ಮಾಡಬಾರದು. ಬಿ ಬದಿಯ ಲಗ್ಗುಗಳ ಮಿಲಿವೋಲ್ಟ್ ಪರೀಕ್ಷೆಯೂ ಅದೇ ಹಗಲಿನಲ್ಲಿ ಆಗಬೇಕು, ಯಾಕೆಂದರೆ ಅದೇ ಗುತ್ತಿಗೆದಾರ ಅದೇ ದಿನ ಕ್ರಿಂಪ್ ಮಾಡಿದ ಲಗ್ಗುಗಳು ಅಲ್ಲಿಯೂ ಇರಬಹುದು.

ಹೊಸ ಕೇಬಲಿನ ದಪ್ಪವನ್ನು ಹಳೆಯದನ್ನು ನೋಡಿ ನಕಲು ಮಾಡದೆ ಲೆಕ್ಕ ಹಾಕಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ಪ್ರತಿರೋಧ ಮೀಟರಿಗೆ ಸುಮಾರು 0.0175 ಓಮ್. ಫಲಕದಿಂದ ರೌಟರ್‌ಗೆ 12 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 24 ಮೀಟರ್ ಆಗುತ್ತದೆ. ಕರೆಂಟನ್ನು 54 ವೋಲ್ಟಿನ ಲೆಕ್ಕದಲ್ಲಿ ಹಿಡಿಯಬಾರದು, ಬ್ಯಾಟರಿ ಇಳಿದಾಗಿನ 28 ಆಂಪಿಯರ್ ಹಿಡಿಯಬೇಕು. 6 ಚದರ ಮಿಲಿಮೀಟರಿನ ಕೇಬಲಿನಲ್ಲಿ ಸುಮಾರು 2 ವೋಲ್ಟ್, 10ರಲ್ಲಿ ಸುಮಾರು 1.2, 16ರಲ್ಲಿ ಸುಮಾರು 0.7 ವೋಲ್ಟ್ ಕೇಬಲಿನಲ್ಲೇ ಕಳೆದುಹೋಗುತ್ತದೆ. ಫಲಕದಿಂದ ರೌಟರ್‌ವರೆಗಿನ ಈ ಭಾಗದಲ್ಲಿ 1 ವೋಲ್ಟಿಗಿಂತ ಹೆಚ್ಚು ಕಳೆದುಕೊಳ್ಳದಿರುವುದು ಒಳ್ಳೆಯದು ಎಂಬುದು ನನ್ನ ನಿಲುವು, ಆದ್ದರಿಂದ ಇಲ್ಲಿ 16ನ್ನೇ ಆರಿಸುತ್ತೇನೆ, ಟರ್ಮಿನಲಿನಲ್ಲಿ ಅದರ ಲಗ್ಗು ಕೂರುತ್ತದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳುತ್ತೇನೆ. ಬ್ರೇಕರ್ ಇರುವುದು ಕೇಬಲನ್ನು ಕಾಪಾಡಲು. ಕೇಬಲ್ ತಾಳುವ ಕರೆಂಟು ಬ್ರೇಕರ್‌ನ ರೇಟಿಂಗ್‌ಗಿಂತ ಹೆಚ್ಚೇ ಇರಬೇಕು. ಹೊದಿಕೆ ಬೆಂಕಿ ಹರಡದ, ಉರಿದರೂ ಹೊಗೆ ಕಡಿಮೆಯಿರುವ, ಹ್ಯಾಲೋಜನ್ ಇಲ್ಲದ ಬಗೆಯದಾಗಿರಲಿ.

ಕ್ರಿಂಪಿಂಗ್ ಬಗ್ಗೆ ನಾನು ಸ್ವಲ್ಪ ಹಠ ಹಿಡಿಯುತ್ತೇನೆ. ಲಗ್ಗು, ಕೇಬಲ್, ಕ್ರಿಂಪಿಂಗ್ ಟೂಲಿನ ಡೈ ಮೂರೂ ಒಂದೇ ಅಳತೆಗೆ ಹೊಂದಬೇಕು. ಲಗ್ಗು ಚಿಕ್ಕದಾಯಿತೆಂದು ತಂತಿಯ ಎಳೆಗಳನ್ನು ಕತ್ತರಿಸಿ ತೂರಿಸುವುದು, ಲಗ್ಗು ದೊಡ್ಡದಾಯಿತೆಂದು ಒಂದೆರಡು ತುಂಡು ತಂತಿ ಸೇರಿಸಿ ಒತ್ತುವುದು, ಕಟಿಂಗ್ ಪ್ಲೇಯರ್ ಅಥವಾ ಸುತ್ತಿಗೆಯಿಂದ ಚಪ್ಪಟೆ ಮಾಡುವುದು ಇವೆಲ್ಲವೂ ಮುಂದಿನ ಬಿಸಿ ಲಗ್ಗನ್ನು ಇಂದೇ ತಯಾರಿಸಿದಂತೆ. ಸ್ಕ್ರೂ ಬಿಗಿಯುವ ಟರ್ಮಿನಲ್ ಆದರೆ ಎಳೆಗಳ ತುದಿಗೆ ಸೋಲ್ಡರ್ ಹಚ್ಚಬೇಡಿ. ಒತ್ತಡದಡಿ ಸೋಲ್ಡರ್ ನಿಧಾನವಾಗಿ ಹರಿದು ಸ್ಕ್ರೂ ಸಡಿಲವಾಗುತ್ತದೆ. ಕ್ರಿಂಪ್ ಆದ ಮೇಲೆ ತಪಾಸಣಾ ರಂಧ್ರವಿದ್ದರೆ ಅದರಲ್ಲಿ ತಾಮ್ರ ಕಾಣುತ್ತಿದೆಯೇ ನೋಡಿ, ಗಟ್ಟಿಯಾಗಿ ಎಳೆದು ನೋಡಿ, ಹೀಟ್ ಶ್ರಿಂಕ್ ಹಾಕಿ. ಎರಡೂ ತುದಿಗಳಿಗೆ ಲೇಬಲ್ ಹಚ್ಚಿ. ಉಪಕರಣಕ್ಕೆ ಸೇರಿಸುವ ಮೊದಲೇ ಕಂಟಿನ್ಯೂಟಿ (ತಂತಿ ಎಲ್ಲೂ ಕಡಿದಿಲ್ಲ ಎಂಬುದರ) ಮತ್ತು 500 ವೋಲ್ಟಿನ ಮೆಗ್ಗರ್ (ಹೊದಿಕೆಯ ಮೂಲಕ ವಿದ್ಯುತ್ ಸೋರುವುದಿಲ್ಲ ಎಂಬುದರ) ಪರೀಕ್ಷೆ ಮುಗಿಸಿ. ರೌಟರ್‌ಗೆ ಸೇರಿಸಿದ ಮೇಲೆ ಮೆಗ್ಗರ್ ಹಾಕಿದರೆ ಅದರ ಪವರ್ ಮಾಡ್ಯೂಲ್ ಹಾಳಾಗಬಹುದು.

ಕೆಲಸದ ರಾತ್ರಿ ಬದಲಾವಣೆಯ ಅನುಮತಿ, ಕಾನ್ಫಿಗರೇಶನ್ ಬ್ಯಾಕಪ್, ನಿಗಾ ಕೇಂದ್ರಕ್ಕೆ ಸೂಚನೆ ಇವು ಆಗಿಯೇ ಇರುತ್ತವೆ, ಅವನ್ನು ವಿವರಿಸುವುದಿಲ್ಲ. ಇಬ್ಬರಿಗಿಂತ ಕಡಿಮೆ ಜನ ಇರಬಾರದು. ಒಬ್ಬರು ಫಲಕದ ಬಳಿ, ಒಬ್ಬರು ರೌಟರ್ ಬಳಿ. ಹೇಳಿದ ಸೂಚನೆಯನ್ನು ಎದುರಿನವರು ಬ್ರೇಕರ್‌ನ ಸಂಖ್ಯೆ ಸಮೇತ ತಿರುಗಿ ಹೇಳಿದ ಮೇಲೆಯೇ ಕೈ ಮುಂದೆ ಹೋಗಬೇಕು. ಹಿಂದಿ, ಮರಾಠಿ, ಕನ್ನಡ ಮಿಶ್ರವಾಗಿ ಮಾತನಾಡುವ ತಂಡದಲ್ಲಿ ಈ ಅಭ್ಯಾಸ ಇನ್ನೂ ಅಗತ್ಯ. ಉಂಗುರ, ಗಡಿಯಾರ, ಕಡಗ, ಕೊರಳ ಸರ, ಲೋಹದ ಕ್ಲಿಪ್ಪಿರುವ ಗುರುತಿನ ಚೀಟಿ ಎಲ್ಲವನ್ನೂ ತೆಗೆದಿಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ಇನ್ಸುಲೇಟೆಡ್ ಉಪಕರಣಗಳು, ಹತ್ತಲು ಫೈಬರ್ ಏಣಿ ಇರಲಿ. ಸ್ಪ್ಯಾನರ್‌ಗೆ ಟೇಪ್ ಸುತ್ತಿ ಇನ್ಸುಲೇಟೆಡ್ ಎಂದು ಬಳಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬೋಲ್ಟಿನ ಅಂಚಿಗೆ ಉಜ್ಜಿ ಆ ಟೇಪ್ ಹರಿಯುವುದು ಕಾಣಿಸುವುದೇ ಇಲ್ಲ. ಬೆಳಗಿನ ಮೊದಲ ಲೋಕಲ್ ರೈಲು ಹಿಡಿಯಬೇಕೆಂಬ ಲೆಕ್ಕದಲ್ಲಿ ಕೆಲಸದ ಅವಧಿಯನ್ನು ಕುಗ್ಗಿಸಿಕೊಳ್ಳಬೇಡಿ, ಕೊನೆಯ ಪರೀಕ್ಷೆಗಳೇ ಆ ಅವಸರಕ್ಕೆ ಬಲಿಯಾಗುತ್ತವೆ. ಹೊರಗೆ ಗುಡುಗು-ಸಿಡಿಲಿದ್ದರೆ, ಕಟ್ಟಡ ಜನರೇಟರ್ ಅಥವಾ ಬ್ಯಾಟರಿಯ ಮೇಲೆ ನಿಂತಿದ್ದರೆ, ಇನ್ನೊಂದು ರಾತ್ರಿಗೆ ಮುಂದೂಡಿ.

ಸರಿಯಾದ ಬ್ರೇಕರ್ ಯಾವುದೆಂದು ಕಂಡುಹಿಡಿಯುವ ಹಂತದಲ್ಲಿ ಅವಸರ ಮಾಡಬೇಡಿ. ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ, ಡಿಸಿಗೂ ಆಗುವ ಕ್ಲಾಂಪ್ ಮೀಟರನ್ನು ಮೊದಲು ಶೂನ್ಯಕ್ಕೆ ತಂದು, ರೌಟರ್ ಬಳಿ ಎ ನೆಗೆಟಿವ್ ತಂತಿಗೆ ಹಾಕಿ. ಬಂದ ಕರೆಂಟನ್ನು ಫಲಕದಲ್ಲಿ ಲೇಬಲ್ ಸೂಚಿಸುವ ಬ್ರೇಕರ್‌ನ ತಂತಿಯ ಕರೆಂಟಿನೊಂದಿಗೆ ಹೋಲಿಸಿ. ಎರಡೂ ಹೊಂದದಿದ್ದರೆ ಲೇಬಲ್ ಸುಳ್ಳು ಎಂದೇ ತಿಳಿದು ಕೇಬಲನ್ನು ಟ್ರೇಯುದ್ದಕ್ಕೂ ಕಣ್ಣಿನಿಂದ ಹಿಂಬಾಲಿಸಿ. ಹೊಂದಿದರೆ, ರೌಟರ್ ಬಳಿ ಕ್ಲಾಂಪ್ ಹಾಕಿದಂತೆಯೇ ಇಟ್ಟು ಬ್ರೇಕರ್ ಆಫ್ ಮಾಡಿಸಿ. ಕ್ಲಾಂಪ್ ಶೂನ್ಯಕ್ಕೆ ಇಳಿಯಬೇಕು, ಎ ಮಾಡ್ಯೂಲಿನ ಅಲಾರಂ ಮಾತ್ರ ಬರಬೇಕು, ಬಿ ಕರೆಂಟು ಸುಮಾರು ದುಪ್ಪಟ್ಟಾಗಬೇಕು. ಈ ಮೂರರಲ್ಲಿ ಒಂದು ಆಗದಿದ್ದರೂ ಬ್ರೇಕರನ್ನು ಮತ್ತೆ ಆನ್ ಮಾಡಿ ಯೋಚಿಸಿ. ಮೂರೂ ಆದರೆ ಬ್ರೇಕರ್‌ಗೆ ಬೀಗ ಅಥವಾ ತಡೆ ಹಾಕಿ ನಿಮ್ಮ ಹೆಸರಿನ ಚೀಟಿ ತೂಗಿಸಿ.

ಬಳಿಕ ವೋಲ್ಟೇಜ್ ಪರೀಕ್ಷೆ. ಮೀಟರನ್ನು ಮೊದಲು ಜೀವಂತವೆಂದು ಗೊತ್ತಿರುವ ಬಿಂದುವಿನಲ್ಲಿ ನೋಡಿ, ಆಮೇಲೆ ಎ ಟರ್ಮಿನಲಿನಲ್ಲಿ ನೋಡಿ, ಮತ್ತೆ ಜೀವಂತ ಬಿಂದುವಿನಲ್ಲಿ ನೋಡಿ. ನಡುವೆ ಮೀಟರ್ ಕೆಟ್ಟಿಲ್ಲ ಎಂಬುದು ಇದರಿಂದ ಖಚಿತವಾಗುತ್ತದೆ. ನೆಗೆಟಿವ್‌ನಿಂದ ರಿಟರ್ನ್‌ಗೆ, ನೆಗೆಟಿವ್‌ನಿಂದ ಷಾಸಿಗೆ, ರಿಟರ್ನ್‌ನಿಂದ ಷಾಸಿಗೆ ಹೀಗೆ ಮೂರು ಜೋಡಿಗಳನ್ನೂ ಅಳೆಯಿರಿ. ಮಾಡ್ಯೂಲಿನೊಳಗಿನ ಕೆಪಾಸಿಟರ್‌ಗಳು ಖಾಲಿಯಾಗಲು ಹೊತ್ತು ಬೇಕಾಗುವುದರಿಂದ ಮೊದಲು ಸ್ವಲ್ಪ ವೋಲ್ಟೇಜ್ ಕಂಡು ಇಳಿಯುತ್ತಾ ಹೋದರೆ ಗಾಬರಿಯಾಗಬೇಡಿ, ಕಾಯಿರಿ. ಇಳಿಯದೆ ನಿಂತರೆ ಎಲ್ಲಿಂದಲೋ ಹಿಮ್ಮುಖವಾಗಿ ಬರುತ್ತಿದೆ ಎಂದರ್ಥ, ಮುಂದುವರಿಯಬಾರದು.

ಇಲ್ಲಿ ಒಂದು ಬಲೆಯಿದೆ. ಇಂಥ ಫಲಕಗಳಲ್ಲಿ ಸಾಮಾನ್ಯವಾಗಿ ಬ್ರೇಕರ್ ಇರುವುದು ನೆಗೆಟಿವ್ ತಂತಿಗೆ ಮಾತ್ರ. ರಿಟರ್ನ್ ತಂತಿ ನೇರವಾಗಿ ಬಸ್‌ಬಾರಿಗೆ (ಫಲಕದ ಎಲ್ಲ ತಂತಿಗಳು ಸೇರುವ ಲೋಹದ ಪಟ್ಟಿಗೆ) ಹೋಗಿರುತ್ತದೆ, ಬ್ರೇಕರ್ ಆಫ್ ಮಾಡಿದರೂ ಅದು ಕಡಿಯುವುದಿಲ್ಲ. ಉಪಕರಣದೊಳಗೆ ಎ ಮತ್ತು ಬಿ ರಿಟರ್ನ್‌ಗಳು ಕೂಡಿಕೊಂಡಿದ್ದರೆ, ಅಥವಾ ರಿಟರ್ನನ್ನು ಷಾಸಿಗೆ ಜೋಡಿಸಿದ್ದರೆ, ಬಿ ಫೀಡಿನ ಕರೆಂಟಿನ ಒಂದು ಪಾಲು ನೀವು ಸತ್ತಿದೆ ಎಂದುಕೊಂಡ ಎ ರಿಟರ್ನ್ ಮೂಲಕವೇ ಮರಳುತ್ತಿರಬಹುದು. ವೋಲ್ಟ್‌ಮೀಟರ್ ಇದನ್ನು ತೋರಿಸುವುದಿಲ್ಲ, ಕ್ಲಾಂಪ್ ತೋರಿಸುತ್ತದೆ. ಆದ್ದರಿಂದ ಬ್ರೇಕರ್ ಆಫ್ ಆದ ಮೇಲೆ ಎ ರಿಟರ್ನ್ ತಂತಿಗೂ ಕ್ಲಾಂಪ್ ಹಾಕಿ. ಶೂನ್ಯವಿದ್ದರೆ ಮುಂದುವರಿಯಿರಿ. ಕರೆಂಟು ಕಂಡರೆ ಅಲ್ಲಿಗೇ ನಿಲ್ಲಿಸಿ, ಬಿ ರಿಟರ್ನ್ ಒಂದೇ ಎಲ್ಲವನ್ನೂ ಹೊರಬಲ್ಲದೇ ಎಂದು ಕೈಪಿಡಿಯಿಂದಲೂ ತಯಾರಕರ ಸಹಾಯ ಕೇಂದ್ರದಿಂದಲೂ ಖಚಿತಪಡಿಸಿಕೊಳ್ಳುವವರೆಗೆ ಆ ಬೋಲ್ಟ್ ಮುಟ್ಟಬೇಡಿ. ಬಿ ರಿಟರ್ನ್ ಸಡಿಲವಾಗಿದ್ದು ನೀವು ಎ ರಿಟರ್ನ್ ಬಿಚ್ಚಿದರೆ ಪೂರ್ತಿ ಕರೆಂಟು ಅರ್ಥ್ ತಂತಿಯ ದಾರಿ ಹಿಡಿಯಬಹುದು.

ಬಿಚ್ಚುವ ಕ್ರಮ ಹೀಗಿದೆ: ಮೊದಲು ನೆಗೆಟಿವ್, ಆಮೇಲೆ ರಿಟರ್ನ್. ಷಾಸಿಯ ಅರ್ಥ್ ತಂತಿಯನ್ನು ಬಿಚ್ಚುವ ಪ್ರಸಂಗವೇ ಇಲ್ಲಿಲ್ಲ, ರೌಟರ್ ಚಾಲನೆಯಲ್ಲಿರುವಷ್ಟು ಹೊತ್ತೂ ಅದು ಇರಲೇಬೇಕು. ಎರಡು ತುದಿಗಳಲ್ಲಿ ಫಲಕದ ಕಡೆಯದನ್ನು ಮೊದಲು ಬಿಚ್ಚಿ, ತುದಿಗೆ ಇನ್ಸುಲೇಟಿಂಗ್ ಟೋಪಿ ಹಾಕಿ, ಆಮೇಲೆ ರೌಟರ್ ಕಡೆಯದನ್ನು ಬಿಚ್ಚಿ. ಹೀಗೆ ಮಾಡಿದರೆ ಕೈಯಲ್ಲಿರುವ ಕೇಬಲಿಗೆ ವಿದ್ಯುತ್ ಮೂಲದ ಸಂಪರ್ಕವೇ ಉಳಿದಿರುವುದಿಲ್ಲ. ಫಲಕದಲ್ಲಿ ಪಕ್ಕದ ಬ್ರೇಕರ್‌ಗಳೂ ಬಸ್‌ಬಾರೂ ಜೀವಂತವಾಗಿಯೇ ಇರುವುದರಿಂದ ಅವುಗಳ ಮೇಲೆ ರಬ್ಬರ್ ಹಾಳೆ ಹೊದಿಸಿ. ವಾಶರ್ ಅಥವಾ ನಟ್ ಕೈಜಾರಿ ಕೆಳಗೆ ಬಿದ್ದರೆ ಅದು ಸಿಗುವವರೆಗೂ ಕೆಲಸ ಮುಂದುವರಿಸಬೇಡಿ. ಹಳೆಯ ಕೇಬಲನ್ನು ಟ್ರೇಯಿಂದ ಎಳೆಯುವಾಗ ಕತ್ತರಿಸಿ ತೆಗೆಯುವ ಆಸೆಗೆ ಬೀಳಬೇಡಿ. ಕಂತೆಯೊಳಗೆ ಪಕ್ಕದ ಜೀವಂತ ಕೇಬಲಿಗೆ ಕಟರ್ ಬೀಳುವ ಅಪಾಯ ದೊಡ್ಡದು. ಹೊರತೆಗೆಯುವುದು ಕಷ್ಟವಾದರೆ ಎರಡೂ ತುದಿಗಳನ್ನು ಮುಚ್ಚಿ, ಉಪಯೋಗದಲ್ಲಿಲ್ಲ ಎಂದು ಲೇಬಲ್ ಹಚ್ಚಿ ಅಲ್ಲೇ ಬಿಡುವುದು ಮೇಲು.

ಹೊಸ ಕೇಬಲಿನ ನೆಗೆಟಿವ್ ಮತ್ತು ರಿಟರ್ನ್ ಜೊತೆಜೊತೆಯಾಗಿಯೇ ಸಾಗಲಿ. ಬಿ ಫೀಡಿನ ದಾರಿಯಿಂದಲೂ ಎಸಿ ಕೇಬಲ್‌ಗಳಿಂದಲೂ ದೂರವಿರಲಿ. ಜೋಡಿಸುವಾಗ ಕ್ರಮ ತಿರುವುಮುರುವು: ರೌಟರ್ ಕಡೆ ಮೊದಲು ರಿಟರ್ನ್, ಆಮೇಲೆ ನೆಗೆಟಿವ್. ಆ ಕಡೆ ಮುಗಿದ ಮೇಲೆ ಫಲಕದ ಕಡೆಯೂ ಹಾಗೆಯೇ. ಲಗ್ಗು ಮತ್ತು ಟರ್ಮಿನಲ್ ಮೈಗಳು ಸ್ವಚ್ಛವಾಗಿರಬೇಕು, ಅವೆರಡರ ನಡುವೆ ವಾಶರ್ ಬರಬಾರದು, ವಾಶರಿನ ಜಾಗ ಲಗ್ಗಿನ ಮೇಲೆ. ಬಿಗಿತವನ್ನು ಕೈಪಿಡಿಯಲ್ಲಿ ಕೊಟ್ಟಿರುವ ಟಾರ್ಕಿಗೆ ಸರಿಯಾಗಿ, ಟಾರ್ಕ್ ರೆಂಚಿನಿಂದ ಮಾಡಿ. ಅತಿಯಾಗಿ ಬಿಗಿದರೆ ಟರ್ಮಿನಲಿನ ಚಿಕ್ಕ ಸ್ಟಡ್‌ಗಳ ತಿರುಪು ಕೆಟ್ಟು, ಇಡೀ ಮಾಡ್ಯೂಲನ್ನೇ ಬದಲಿಸಬೇಕಾದೀತು.

ಬ್ರೇಕರ್ ಆನ್ ಮಾಡುವ ಮೊದಲು ಮಾಡ್ಯೂಲಿಗೆ ಸ್ವಿಚ್ ಇದ್ದರೆ ಆಫ್ ಇಡಿ. ಟರ್ಮಿನಲ್‌ಗಳು ಷಾಸಿಯಲ್ಲಿದ್ದು ಮಾಡ್ಯೂಲ್ ಹೊರಗೆ ಬರುವಂಥದ್ದಾದರೆ ಅದನ್ನು ಕೈಪಿಡಿ ಹೇಳುವಂತೆ ಸ್ವಲ್ಪ ಹೊರಗೆಳೆದಿಡಿ. ಬ್ರೇಕರ್ ಆನ್ ಆದ ಮೇಲೆ ಟರ್ಮಿನಲಿನಲ್ಲಿ ಧ್ರುವತೆ ಅಳೆಯಿರಿ: ಮೀಟರಿನ ಕೆಂಪು ಪ್ರೋಬ್ ನೆಗೆಟಿವ್ ಟರ್ಮಿನಲ್‌ಗೆ, ಕಪ್ಪು ಪ್ರೋಬ್ ರಿಟರ್ನ್‌ಗೆ ಹಿಡಿದಾಗ ಮೈನಸ್ 54ರ ಆಸುಪಾಸು ಕಾಣಬೇಕು. ಮೈನಸ್ ಚಿಹ್ನೆ ಕಾಣದಿದ್ದರೆ ತಂತಿಗಳು ಅದಲುಬದಲಾಗಿವೆ. ಕೆಲವು ಮಾಡ್ಯೂಲ್‌ಗಳು ಇದನ್ನು ತಡೆದುಕೊಳ್ಳುತ್ತವೆ, ಕೆಲವು ಸುಟ್ಟುಹೋಗುತ್ತವೆ. ಸರಿಯಿದ್ದರೆ ಮಾಡ್ಯೂಲನ್ನು ಚಾಲೂ ಮಾಡಿ, ದೀಪ ಹಸಿರಾಗುವುದನ್ನೂ ಅಲಾರಂ ತೆರವಾಗುವುದನ್ನೂ ಎರಡೂ ಫೀಡ್‌ಗಳ ಕರೆಂಟು ಮತ್ತೆ ಹಂಚಿಕೆಯಾಗುವುದನ್ನೂ ನೋಡಿ. ಹೊಸ ಲಗ್ಗುಗಳ ಮಿಲಿವೋಲ್ಟನ್ನು ಬರೆದಿಡಿ. ಒಂದು ಗಂಟೆಯ ನಂತರ ಥರ್ಮಲ್ ಕ್ಯಾಮೆರಾದಿಂದ ಇನ್ನೊಮ್ಮೆ ನೋಡಿ.

ತೆಗೆದ ಲಗ್ಗನ್ನು ಕಸಕ್ಕೆ ಎಸೆಯಬೇಡಿ. ಕ್ರಿಂಪಿನ ಭಾಗವನ್ನು ಹ್ಯಾಕ್ಸಾದಿಂದ ಅಡ್ಡಲಾಗಿ ಕೊಯ್ದು ನೋಡಿದರೆ ಒಳ್ಳೆಯ ಕ್ರಿಂಪಿನಲ್ಲಿ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಗಟ್ಟಿ ತಾಮ್ರದಂತೆ ಕಾಣುತ್ತವೆ. ಎಳೆಗಳ ನಡುವೆ ಸಂದುಗಳೂ ಕಪ್ಪು ಪುಡಿಯೂ ಕಂಡರೆ ತಪ್ಪು ಕ್ರಿಂಪಿಂಗಿನದು. ಒಳಭಾಗ ಚೆನ್ನಾಗಿದ್ದು ಲಗ್ಗಿನ ಚಪ್ಪಟೆ ಮೈ ಮಾತ್ರ ಸುಟ್ಟಿದ್ದರೆ ಬೋಲ್ಟಿನ ಬಿಗಿತದ್ದು. ಕ್ರಿಂಪಿಂಗಿನದು ಎಂದಾದರೆ ಅದೇ ಕಂತಿನಲ್ಲಿ ಹಾಕಿದ ಬಿ ಫೀಡಿನ ಲಗ್ಗುಗಳೂ ಪಕ್ಕದ ರ‍್ಯಾಕುಗಳ ಲಗ್ಗುಗಳೂ ಪರೀಕ್ಷೆಗೆ ಒಳಪಡಬೇಕು. ಬಿ ಕೇಬಲನ್ನೂ ಬದಲಿಸಬೇಕಾಗಿ ಬಂದರೆ ಅದೇ ರಾತ್ರಿ ಮಾಡದೆ, ಹೊಸ ಎ ಫೀಡ್ ಕೆಲವು ದಿನ ಭಾರ ಹೊತ್ತು ತಣ್ಣಗಿರುವುದನ್ನು ನೋಡಿಕೊಂಡು ಇನ್ನೊಂದು ಅನುಮತಿ ಪಡೆದು ಮಾಡಿ.